ಕೊನೆಯ ತಟ್ಟೆಯ ಬೆಳಕು

ಪದ್ಮಾಕ್ಷಿ ಮೇಡಂ ಅವರ ಪ್ರಯೋಗಾಲಯದಲ್ಲಿ ಗಿರಿಜೇಶ ಬೆವರುಗ್ರಂಥಿಯ ಜೀವಕೋಶಗಳನ್ನು ಸಾಕುತ್ತಿದ್ದ. ಮೈತ್ರಿ ಎಂಬ ಏಳು ವರ್ಷದ ಹುಡುಗಿಯ ತೋಳಿನಿಂದ ತೆಗೆದ ಚೂರು ಚರ್ಮದಿಂದ ಬೆಳೆದವು ಅವು. ಮುತ್ತಿಟ್ಟರೆ ತುಟಿಯೆಲ್ಲ ಉಪ್ಪಾಗುವಂಥ ಬೆವರು ಆ ಮಗುವಿಗೆ. ಕಾಯಿಲೆಯೇ ಅಂಥದ್ದು. ಹೋದ ಚಳಿಗಾಲದಲ್ಲಿ ಮಗು ತೀರಿಕೊಂಡಿತು.

ಆಮೇಲೂ ತಾಯಿ ಶಾಂಭವಿ ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. "ಚೆನ್ನಾಗಿದಾವಾ?" ಎಂದು ಕೇಳಿ, ಒಂದಿಷ್ಟು ಹೊತ್ತು ನೋಡಿ ಹೋಗುತ್ತಿದ್ದರು.

ಸಾಕಿದ ಕೋಶಗಳಿಗೂ ಮುಪ್ಪು ಬರುತ್ತದೆ. ಈಗ ಉಳಿದದ್ದು ಮೈತ್ರಿಯ ಕೋಶಗಳ ಒಂದೇ ತಟ್ಟೆ.

"ಅವರು ಹೊರಗೆ ಕೂತಿದಾರೆ ಮೇಡಂ," ಎಂದ ಗಿರಿಜೇಶ. "ಬೇರೆ ಮಗುವಿನ ಕೋಶ ತೋರಿಸಿಬಿಡಲಾ? ನೋಡೋಕೆ ಎಲ್ಲ ಒಂದೇ ಥರ."

ಮೇಡಂ ತಾವೇ ಎದ್ದುಹೋಗಿ ಶಾಂಭವಿಯನ್ನು ಕರೆತಂದು ಪರದೆಯ ಮುಂದೆ ಕೂರಿಸಿದರು. ಕೊನೆಯ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರು.

"ಪ್ರತಿ ಕೋಶದೊಳಗೂ ಕ್ಯಾಲ್ಸಿಯಂ ಕೂಡಿಟ್ಟ ಉಗ್ರಾಣ ಇರತ್ತಮ್ಮ. ಬೆವರು ಬಿಡು ಅಂತ ಒಂದು ಹನಿ ಔಷಧಿ ಹಾಕಿ ಹೇಳಿಕಳಿಸಿದರೆ ಅದು ಬಾಗಿಲು ತೆಗೆಯತ್ತೆ. ನಾವು ಹಾಕಿರೋ ಬಣ್ಣ ಆಗ ಹೊಳೆಯತ್ತೆ. ಗಿರಿಜೇಶ, ಹನಿ ಹಾಕು."

ಹಾಕಿದ. ಕಪ್ಪು ಪರದೆಯಲ್ಲಿ ಹಸಿರು ಬೆಳಕು ಕೋಶದಿಂದ ಕೋಶಕ್ಕೆ ಹಬ್ಬಿತು. ಶಾಂಭವಿ ಉಸಿರು ಬಿಗಿಹಿಡಿದು ನೋಡಿದರು. ಬೆಳಕು ಮೆಲ್ಲಗೆ ಆರಿತು.

ಗಿರಿಜೇಶ ತಟ್ಟೆ ತೊಳೆದು, ಕ್ಯಾಲ್ಸಿಯಂ ಬೆರೆಸಿದ ದ್ರಾವಣ ಹಾಕಿ ಹತ್ತು ನಿಮಿಷ ಕಾದ. ಬರಿದಾದ ಉಗ್ರಾಣ ಅಷ್ಟರಲ್ಲಿ ತುಂಬಬೇಕು. ಎರಡನೆಯ ಹನಿಗೆ ಎರಡೇ ಕೋಶ ಮಿಣುಕಿದವು.

ಮತ್ತೆ ಕಾದರು. ಮೂರನೆಯ ಹನಿಗೆ ಏನೂ ಕಾಣಲಿಲ್ಲ.

"ಇಷ್ಟೇನಾ?" ಎಂದರು ಶಾಂಭವಿ.

"ಇಷ್ಟೇ ಅಮ್ಮ. ಇನ್ನು ಉಳಿದಿಲ್ಲ."

ಮಗು ಹೋದ ದಿನವೂ ಅಳದಿದ್ದ ಹೆಂಗಸು ಅವರು. ಈಗ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ಮೇಡಂ ಶಾಂಭವಿಯ ಬೆನ್ನ ಮೇಲೆ ಕೈಯಿಟ್ಟು ನಿಂತರು. ಗಿರಿಜೇಶ ಎತ್ತ ನೋಡುವುದೆಂದು ತಿಳಿಯದೆ ನೆಲ ನೋಡಿದ.

ಬಹಳ ಹೊತ್ತಿನ ಮೇಲೆ ಶಾಂಭವಿ ಕಣ್ಣೊರೆಸಿಕೊಂಡು, ಇಬ್ಬರಿಗೂ ಕೈಮುಗಿದು ಹೊರಟುಹೋದರು.

ಆ ತಟ್ಟೆ ಎಸೆಯಲು ಗಿರಿಜೇಶನಿಗೆ ಕೈ ಬರಲಿಲ್ಲ.

"ಬೇರೆಯವು ತೋರಿಸಿದ್ದರೆ ಅವರು ಖುಷಿಯಾಗಿ ಹೋಗ್ತಿದ್ದರಲ್ಲ, ಮೇಡಂ?"

"ಹೋಗ್ತಿದ್ದರು," ಎಂದರು ಮೇಡಂ. "ಮುಂದಿನ ತಿಂಗಳು ಮತ್ತೆ ಬರ್ತಿದ್ದರು."