ಪೊದೆಯ ಕಾವಲು

"ಮರದ ಮೇಲಿನವರು ಕೂಗಿಲ್ಲವಲ್ಲ, ಬನ್ನಿ, ಮೇಯೋಣ." ಜಿಂಕೆಯಜ್ಜನಿಗೆ ಹೆಂಡತಿ ಹೇಳಿದ ಕಡೆಯ ಮಾತು ಅದು. ಮರುಗಳಿಗೆಗೆ ಪೊದೆಯಲ್ಲಿದ್ದ ಚಿರತೆ ಅವಳನ್ನು ಎಳೆದುಕೊಂಡು ಹೋಯಿತು.

ಸಂಜೆ, ಮರದ ಮೇಲೆ ಕಾವಲಿದ್ದ ಮುಸುವ ಕೋತಿಗಳ ಯಜಮಾನ ಕೊಂಬೆಯ ಮೇಲಿಂದಲೇ ಸಮಾಧಾನ ಹೇಳಿದ. "ಎಲೆ ಅಡ್ಡ ಬಂತು ಅಜ್ಜ. ಇನ್ನು ಕಾವಲು ಪೂರ್ತಿ ನಮಗೇ ಇರಲಿ. ಕೆಳಗಿನಿಂದ ನೀವೂ ಕೂಗಿದರೆ ಬರೀ ಗೊಂದಲ."

"ನಾಳೆ ಎಲೆ ಅಡ್ಡ ಬರಲ್ವೇನಪ್ಪ?"

"ನಮ್ಮ ಮೇಲೆ ನಂಬಿಕೆ ಇಲ್ಲವೇ?"

"ನಂಬಿಯೇ ಅವಳು ಹೋದದ್ದು. ದೂರದ್ದು ನೀನು ನೋಡು. ಪೊದೆ ನಮಗೆ ಬಿಡು."

"ಅದಾಗದು. ನಾವು ಹೇಳದೆ ಯಾರೂ ಕೂಗಕೂಡದು."



ಮರುದಿನ ಬೆಳಗ್ಗೆ ಹಿಂಡು ಮೇಯುವಾಗ ಅಜ್ಜ ಹುಲ್ಲಿಗೆ ಬಾಯಿ ಹಾಕದೆ ಪೊದೆಗೆ ಮುಖ ಮಾಡಿ ನಿಂತ. ಪೊದೆ ಅಲುಗಿದ್ದೇ ತಡ, ಯಾರನ್ನೂ ಕೇಳದೆ ಕೂಗಿದ. ಎಲ್ಲರಿಗಿಂತ ಮೊದಲು ಓಡಿ ಮರ ಹತ್ತಿದವನು, ಕೆಳಗಿಳಿದು ಹಣ್ಣು ಹೆಕ್ಕುತ್ತಿದ್ದ ಯಜಮಾನ.