ಲೆಕ್ಕ ಆಗದಲ್ಲಿ ಇಟ್ಟ ಸೊನ್ನೆ

"ಗುರುಗಳೇ, ಸಾಕಾಗಿ ಹೋಗಿದೆ," ಎಂದ ಶಿಷ್ಯ. "ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಾಗಲೇ ನನ್ನ ಕಂಪೈಲರ್ ಸ್ಥಿರ ಸಂಖ್ಯೆಗಳ ಲೆಕ್ಕ ಮುಗಿಸಿಡುತ್ತದೆ. ಲೆಕ್ಕ ಆಗದಿದ್ದರೆ ಸೊನ್ನೆ ಇಟ್ಟು ಮುಂದೆ ಹೋಗುತ್ತದೆ. ಅದರ ಬದಲು ಆಗಲಿಲ್ಲವೆಂದು ಹೇಳಿ ನಿಲ್ಲಬೇಕಾದರೆ ಇನ್ನೂರು ಕಡೆ ಬಿಚ್ಚಿ ಕಟ್ಟಬೇಕು. ಒಂದು ಸೊನ್ನೆಯಿಂದ ಯಾರ ಮನೆ ಮುಳುಗುತ್ತದೆ?"

ಗುರುಗಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕೂತುಕೋ. ನನಗೂ ಸಾಕಾಗಿದೆ," ಎಂದು ಹೇಳತೊಡಗಿದರು.

ಒಬ್ಬ ಕಂಪೈಲರ್ ಬರೆಯುವವನಿದ್ದ. ಮಾತುಮಾತಿಗೆ ತಪ್ಪು ತೋರಿಸಿ ನಿಲ್ಲುವ ಕಂಪೈಲರ್ ಜನಕ್ಕೆ ಬೇಡ ಎಂಬುದು ಅವನ ಎಣಿಕೆ. ಹಾಗಾಗಿ ಲೆಕ್ಕ ಕೈಕೊಟ್ಟಲ್ಲೆಲ್ಲ ಸೊನ್ನೆ ಇಡಿಸಿದ. ಜನ ಹೊಗಳಿದರು, ಅವನೂ ಉಬ್ಬಿದ.

ಒಬ್ಬ ಹೆಣ್ಣುಮಗಳು ಎಳೆ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಮಾಡುತ್ತಿದ್ದಳು. ಕಾವು ಎಷ್ಟಕ್ಕೆ ನಿಲ್ಲಬೇಕೆಂಬ ಮಿತಿಯನ್ನು ಪ್ರೋಗ್ರಾಮಿನಲ್ಲಿ ಒಂದು ಗುಣಾಕಾರವಾಗಿ ಬರೆದಳು. ಕಾಗದದ ಮೇಲೆ ಅದು ಸರಿಯೇ ಇತ್ತು. ಆದರೆ ಉತ್ತರ ಯಂತ್ರದ ನೆನಪಿನಲ್ಲಿ ಅದಕ್ಕೆಂದು ಇಟ್ಟ ಜಾಗದಲ್ಲಿ ಹಿಡಿಸದಷ್ಟು ದೊಡ್ಡದು. ಅವನ ಕಂಪೈಲರ್ ಸೊನ್ನೆ ಇಟ್ಟು ಸುಮ್ಮನಾಯಿತು. ಸೊನ್ನೆಯೆಂದರೆ ಮಿತಿಯೇ ಇಲ್ಲವೆಂದು ಪೆಟ್ಟಿಗೆ ತಿಳಿದುಕೊಂಡಿತು. ಒಂದು ಮಗುವಿನ ಬೆನ್ನು ಸುಟ್ಟಿತು. ಮಗು ಉಳಿಯಿತು, ಅದೇ ಪುಣ್ಯ.

ಆಕೆ ತಾನು ಬರೆದದ್ದನ್ನು ತಿಂಗಳುಗಟ್ಟಲೆ ಓದಿದಳು. ತಪ್ಪು ಸಿಗಲಿಲ್ಲ. ಕೊನೆಗೆ ಕಂಪೈಲರ್ ಬರೆದವನ ಬಳಿಗೇ ಬಂದಳು.

"ಸರ್, ಲೆಕ್ಕದಲ್ಲಿ ತಪ್ಪಿದ್ದಿದ್ರೆ ನಿಮ್ಮ ಕಂಪೈಲರ್ ಹೇಳ್ತಿತ್ತಲ್ವಾ? ಹಾಗಾದ್ರೆ ನಾನೇ ಬೇರೆಲ್ಲೋ ಎಡವಿದೀನಿ."

"ನೋಡ್ತೀನಮ್ಮ," ಎಂದ ಅವನು.

ಆಕೆ ಹೋದ ಮೇಲೆ ನೋಡಿದ. ಅರ್ಧ ಗಂಟೆಯಲ್ಲಿ ಸಿಕ್ಕಿತು, ತನ್ನ ಕಂಪೈಲರೇ ಇಟ್ಟ ಸೊನ್ನೆ. ವರ್ಷವಿಡೀ ಕೂತು ಕಂಪೈಲರನ್ನು ಬುಡದಿಂದ ತಿದ್ದಿದ. ಲೆಕ್ಕ ಸೋತರೆ ಸೋತೆನೆಂದೂ ಯಾವ ಸಾಲಿನಲ್ಲಿ ಸೋತೆನೆಂದೂ ಅದು ಹೇಳತೊಡಗಿತು. ಮೈಕೈ ಎಲ್ಲ ಹಣ್ಣಾಯಿತು, ಕೆಲಸ ಮಾತ್ರ ಚೊಕ್ಕವಾಯಿತು.

ಅಷ್ಟರಲ್ಲಿ ಆಕೆ ಎಲ್ಲವೂ ತನ್ನದೇ ತಪ್ಪೆಂದು ಒಪ್ಪಿಕೊಂಡು ಆ ಕೆಲಸ ಬಿಟ್ಟಿದ್ದಳು. ಈಗ ಯಾರಾದರೂ ಮಗುವನ್ನು ಚಾಚಿದರೂ ಎತ್ತಿಕೊಳ್ಳುವುದಿಲ್ಲವಂತೆ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕೇಳಿದ: "ತಪ್ಪು ನಿಮ್ಮದಲ್ಲ ಎಂದು ಅವನು ಆಕೆಗೆ ಹೇಳಿದನೇ?"

"ಇಲ್ಲಪ್ಪ, ನಾನು ಇನ್ನೂ ಹೇಳಿಲ್ಲ."