ಸಾಣೆಯ ಟಹಲ್ ಸಿಂಗ್ ಮತ್ತು ಐದು ತಲೆ

"ಕೇಳ್ರಪ್ಪೋ ಕೇಳಿ! ಹೊನ್ನಕೋಟೆಯ ದೊರೆ ಮಾರಭೂಪರ ಅಪ್ಪಣೆ! ರಾಜಕುಮಾರಿ ಸೋವಲೆಯ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಹೊತ್ತು ಮುಳುಗುವಾಗ ಕೆಳಗೆ!"

ಇಷ್ಟು ಕೂಗಿ ಡಂಗುರದವನು ಓಡಿಯೇ ಹೋದ, ಯಾರಾದರೂ ತನಗೇ ಒಗಟು ಹಾಕಿಬಿಟ್ಟರೆ ಅಂತ.

ಒಗಟು ರಾಜನದಲ್ಲ, ತೀರಿಹೋದ ರಾಣಿ ನಿಹಾಲ ಕೌರಳದು. ಆಕೆ ಪಂಜಾಬಿನ ಸಿಖ್ಖರ ಮನೆಮಗಳು. "ನನ್ನ ತವರಿನ ಈ ಮೂರು ಮಾತು ಅರ್ಥವಾದವನಿಗೇ ಮಗಳನ್ನು ಕೊಡಿ" ಎಂದು ಸಾಯುವಾಗ ಹೇಳಿದ್ದಳು. ಉತ್ತರ ಗೊತ್ತಿದ್ದದ್ದು ಮಗಳೊಬ್ಬಳಿಗೇ. ತಲೆ ತೆಗೆಯುವ ಮಾತು ಮಾತ್ರ ರಾಜ ತಾನಾಗಿ ಸೇರಿಸಿದ್ದು. ಹೆಂಡತಿ ಹೋದಮೇಲೆ ಅವನಿಗೆ ನಗುವವರನ್ನು ಕಂಡರೆ ಆಗುತ್ತಿರಲಿಲ್ಲ.

ಆ ದಿನ ಸಭೆಯ ಬಾಗಿಲಲ್ಲೇ ಟಹಲ್ ಸಿಂಗ್ ಸಾಣೆ ಹೂಡಿ ಕೂತಿದ್ದ. ಊರೂರು ತಿರುಗಿ ಕುಡುಗೋಲು, ಈಳಿಗೆಮಣೆಗೆ ಸಾಣೆ ಹಿಡಿಯುವ ಸಿಖ್ ಹುಡುಗ. ತಲೆ ತೆಗೆಯುವ ಕೆಂಚ ತನ್ನ ಕತ್ತಿಯನ್ನು ಅವನ ಮುಂದೆ ಎಸೆದಿದ್ದ.

"ಲೋ ಸಾಣೆಯವನೇ, ಸಂಜೆಗೆ ಇದು ಕೂದಲು ಸೀಳಬೇಕು. ಇಲ್ಲದಿದ್ದರೆ ನಿನ್ನದೇ ಮೊದಲು."

ಒಳಗೆ ಸೋವಲೆ ಮೊದಲ ಒಗಟು ಹಾಕಿದಳು: "ಒಂದು ದೊಡ್ಡ ಮನೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲೂ ನೀನು ಯಾರು, ಯಾವ ಜಾತಿ ಅಂತ ಕೇಳುವವರಿಲ್ಲ. ಅಲ್ಲಿಗೆ ಹೋಗುವವರು ಮೆಟ್ಟಿಲು ಹತ್ತುವುದಿಲ್ಲ, ಇಳಿಯುತ್ತಾರೆ. ಯಾವುದದು?"

"ಬಾವಿ!" ಅಂದ ಮೊದಲ ರಾಜಕುಮಾರ.

"ಬಾವಿಗೆ ಬಾಗಿಲು ಇಟ್ಟವರು ಯಾರಪ್ಪ?"

"ಸ್ಮಶಾನ" ಅಂದ ಎರಡನೆಯವನು, ಬಲು ಜಾಣನ ಹಾಗೆ.

"ಅಲ್ಲೂ ಜಾತಿ ಕೇಳುತ್ತಾರೆ."

ಮೂರನೆಯವನು "ನಮ್ಮ ಸೋದರಮಾವನ ಮನೆ" ಅಂದ. ನಾಲ್ಕನೆಯವನು ಬಾಯಿ ತೆರೆಯುವ ಮೊದಲೇ ಮೂರ್ಛೆ ಬಿದ್ದ. ಅವನನ್ನೂ ಲೆಕ್ಕಕ್ಕೆ ಹಿಡಿದರು.

ಒಬ್ಬೊಬ್ಬ ಸೋತಾಗಲೂ ಕೆಂಚ ಹೊರಗೆ ಬರುತ್ತಿದ್ದ. "ನಾಲ್ಕಾಯಿತು. ಆಯ್ತೇನೋ?"

"ಅಂಚು ಬರ್ತಾ ಇದೆ ಕೆಂಚಣ್ಣ."

ಟಹಲನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದ, ಕೂತ, ನೀರು ಕುಡಿದ, ಬಿಸಿಲು ನೋಡಿದ, ಮತ್ತೆ ಎದ್ದ. ಉತ್ತರ ಗೊತ್ತಿತ್ತು. ಸುಮ್ಮನಿದ್ದರೆ ಆ ನಾಲ್ಕು ಜನ ಹೋಗುತ್ತಾರೆ; ಗೆದ್ದರೆ ಅವರನ್ನು ಬಿಡಿ ಅಂತ ಕೇಳಬಹುದು. ಒಳಗೆ ಹೋಗಿ ಮುಂದಿನ ಒಗಟಿನಲ್ಲಿ ಎಡವಿದರೆ ತಾನೂ ಹೋಗುತ್ತಾನೆ. ಹಾಳಾದ ಸೂರ್ಯ ಬೇರೆ ಎಲ್ಲೂ ನಿಲ್ಲುತ್ತಿಲ್ಲ.

ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ನುಗ್ಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಸಾಣೆಯವನಿಗೂ ಮದುವೆಯಂತೆ!" ಸಭೆಯೆಲ್ಲ ಹೋ ಅಂದಿತು.

"ಅಮೃತಸರದ ಹರಿಮಂದಿರ" ಅಂದ ಟಹಲ್. "ಎಲ್ಲ ದಿಕ್ಕಿನವರೂ ಬರಲಿ ಅಂತ ನಾಲ್ಕು ಬಾಗಿಲು. ಬರುವವರು ತಗ್ಗಿ ಬರಲಿ ಅಂತ ಇಳಿಯುವ ಮೆಟ್ಟಿಲು."

ಹೋ ಅನ್ನುವುದು ನಿಂತಿತು. ಸೋವಲೆ ಮುಂದಕ್ಕೆ ಬಾಗಿ ಎರಡನೆಯದನ್ನು ಹಾಕಿದಳು.

"ಒಬ್ಬ ಗುರುವಿದ್ದಾನೆ. ತಲೆಯ ಮೇಲೆ ಹೊತ್ತು ತರುತ್ತಾರೆ, ಚಾಮರ ಬೀಸುತ್ತಾರೆ, ರಾತ್ರಿ ಹೊದಿಸಿ ಮಲಗಿಸುತ್ತಾರೆ, ಮುಂಜಾನೆ ಎಬ್ಬಿಸುತ್ತಾರೆ. ಅವನಿಗೆ ಉಸಿರಿಲ್ಲ, ಸಾವೂ ಇಲ್ಲ. ಯಾರು?"

"ಹೆಣ!" ಎಂದು ಸರದಿಯಲ್ಲಿ ನಿಂತಿದ್ದ ಒಬ್ಬ ದಪ್ಪ ರಾಜಕುಮಾರ ತಡೆಯಲಾರದೆ ಕೂಗಿದ.

"ಬಾಯಿ ಬಿಟ್ಟರೆ ಅದೇ ಉತ್ತರ" ಅಂದ ರಾಜ. "ಐದು!"

"ಅಯ್ಯೋ, ನಾನು ಸುಮ್ಮನೆ ಅಂದೆ ಮಹಾಸ್ವಾಮಿ!"

"ನಮ್ಮ ಗ್ರಂಥ" ಅಂದ ಟಹಲ್ ಬೇಗಬೇಗ. "ಹತ್ತನೆಯ ಗುರುಗಳು ತಮ್ಮ ನಂತರ ಮನುಷ್ಯ ಗುರು ಬೇಡ, ಗ್ರಂಥವೇ ಗುರು ಅಂದರು. ಅದರಲ್ಲಿ ನೇಕಾರ ಕಬೀರರ ಹಾಡಿದೆ, ಚಮ್ಮಾರ ರವಿದಾಸರದೂ ಇದೆ. ಸಂಜೆ ವಸ್ತ್ರದಲ್ಲಿ ಸುತ್ತಿ ಮಲಗಿಸುತ್ತೇವೆ, ಬೆಳಿಗ್ಗೆ ತೆರೆಯುತ್ತೇವೆ."

ಬಿಸಿಲು ಗೋಡೆ ಹತ್ತಿತ್ತು. ಸೋವಲೆ ಮೂರನೆಯದನ್ನು ಹಾಕಿದಳು.

"ಒಬ್ಬ ಕತ್ತಿ ಹಿರಿದು ಐದು ತಲೆ ಕೇಳಿದ. ಐವರು ಕೊಟ್ಟರು. ಆದರೂ ಐದೂ ತಲೆ ಅವರವರ ಹೆಗಲ ಮೇಲೇ ಇದ್ದವು. ಕೇಳಿದವನೇ ಅವರ ಮುಂದೆ ಕೈಮುಗಿದು ನಿಂತ. ಏನಿದು?"

ಸೋತು ಕಂಬಕ್ಕೆ ಕಟ್ಟಿಸಿಕೊಂಡಿದ್ದ ಐವರು ರಾಜಕುಮಾರರು ಕತ್ತು ಮುಟ್ಟಿ ನೋಡಿಕೊಳ್ಳೋಣ ಅಂದರೆ ಕೈಗೆ ಬಿಡುವಿರಲಿಲ್ಲ.

"ಇದನ್ನು ನಮ್ಮ ತಾತ ಅಳದೆ ಹೇಳಿದ್ದೇ ಇಲ್ಲ" ಅಂದ ಟಹಲ್. "ಆನಂದಪುರದಲ್ಲಿ ಬೈಸಾಖಿ ಸುಗ್ಗಿಹಬ್ಬದ ದಿನ. ಅದೇ ಹತ್ತನೆಯ ಗುರುಗಳು ತಲೆ ಕೇಳಿದರು. ಒಬ್ಬ ಅಂಗಡಿಯವನು, ಒಬ್ಬ ರೈತ, ಒಬ್ಬ ಅಗಸ, ಒಬ್ಬ ನೀರು ಹೊರುವವನು, ಒಬ್ಬ ಕ್ಷೌರಿಕ ಎದ್ದು ಬಂದರು. ಆ ಕ್ಷೌರಿಕ ಇಲ್ಲೇ ಬೀದರದವನು. ಒಬ್ಬೊಬ್ಬರನ್ನೇ ಡೇರೆಯೊಳಗೆ ಕರೆದೊಯ್ದು, ಕೊನೆಗೆ ಐವರನ್ನೂ ಹೊಸ ಬಟ್ಟೆ ಉಡಿಸಿ ಹೊರಗೆ ತಂದರು. ಅವರಿಗೆ ದೀಕ್ಷೆಯ ಸಿಹಿನೀರು, ಅಮೃತ ಕೊಟ್ಟು, ಆಮೇಲೆ ಅವರ ಮುಂದೆಯೇ ಕೈಮುಗಿದು ನಿಂತು, ನನಗೂ ಕೊಡಿ ಅಂದರು."

"ಮೂರೂ ಸರಿ" ಅಂದಳು ಸೋವಲೆ.

"ಮಗಳು ನಿನ್ನವಳು. ಅರ್ಧ ರಾಜ್ಯವೂ" ಅಂದ ರಾಜ, ಹಲ್ಲು ಕಚ್ಚಿಕೊಂಡು.

"ಅದು ಆಮೇಲೆ ದೊರೆ. ಮೊದಲು ಈ ಐದು ತಲೆ ಕೊಡಿ."

"ಡಂಗುರ ಹೊಡೆಸಿದ ಮಾತು! ಕೆಂಚ, ತಾರೋ ಕತ್ತಿ!"

ಕೆಂಚ ಹದ ನೋಡಲು ಒಂದು ಕುಂಬಳಕಾಯಿ ತರಿಸಿ ಬೀಸಿ ಹೊಡೆದ. ದಡ್ ಅಂತು. ಕಾಯಿಗೆ ಗೀರೂ ಬೀಳಲಿಲ್ಲ, ಕೆಂಚನ ಕೈ ಮಾತ್ರ ಜುಂ ಅಂದಿತು.

"ಬೆಳಗಿನಿಂದ ಮೊಂಡು ಮಾಡ್ತಾ ಇದ್ದೆ ಕೆಂಚಣ್ಣ" ಅಂದ ಟಹಲ್. "ಬಲು ಗಟ್ಟಿ ಉಕ್ಕು. ತೋಳು ಬಿದ್ದುಹೋಯಿತು."

ಸೋವಲೆ ನಕ್ಕಳು. ತಾಯಿ ಸತ್ತಮೇಲೆ ಮೊದಲ ಸಲ, ಥೇಟ್ ತಾಯಿಯ ಹಾಗೇ. ಕೂಗಲು ತೆರೆದಿದ್ದ ರಾಜನ ಬಾಯಿ ಹಾಗೇ ನಿಂತಿತು.

"ಅಪ್ಪಾಜಿ, ಮೂರನೆಯ ಒಗಟು ಇನ್ನೂ ಮುಗಿದಿಲ್ಲ. ತಲೆ ಕೇಳಿದವನು ಕೈಮುಗಿಯುವುದು ಬಾಕಿ ಇದೆ."

ರಾಜನಿಗೆ ಮಗಳ ಮುಖದಲ್ಲಿ ತೀರಿಹೋದ ರಾಣಿಯೇ ನಕ್ಕಂತಾಯಿತು. ಆಮೇಲೆ ಸಿಂಹಾಸನ ಇಳಿದು, ಐವರ ಕಟ್ಟು ತಾನೇ ಬಿಚ್ಚಿ ಕೈಮುಗಿದ. ಮೂರ್ಛೆಯವನು ಮತ್ತೆ ಮೂರ್ಛೆ ಬಿದ್ದ.

"ನನ್ನನ್ನು ಇನ್ನೂ ಯಾರೂ ಕೇಳಿಲ್ಲ" ಅಂದಳು ಸೋವಲೆ. "ಸಾಣೆಯವರೇ, ಅರ್ಧ ರಾಜ್ಯ ತಗೊಂಡು ಏನು ಮಾಡ್ತೀರಿ?"

"ಕೋಟೆಗೆ ಇರೋದು ಒಂದೇ ಬಾಗಿಲು. ಇನ್ನು ಮೂರು ಇಡಿಸ್ತೀನಿ."

"ಹಾಗಾದರೆ ಒಪ್ಪಿದೆ."

ಆ ಸಂಜೆ ಹೊನ್ನಕೋಟೆಯಲ್ಲಿ ರಾಜ, ಕೆಂಚ, ಐದು ತಲೆಗಳು, ಡಂಗುರದವನು ಎಲ್ಲರೂ ಸಿಖ್ಖರ ಪಂಕ್ತಿಯ ಹಾಗೆ ಒಂದೇ ಸಾಲಿನಲ್ಲಿ ನೆಲಕ್ಕೆ ಕೂತು, ಎರಡೂ ಕೈ ಒಡ್ಡಿ ರೊಟ್ಟಿ ಈಸಿಕೊಂಡರು. ಪಲ್ಯ ಮಾತ್ರ ತಡವಾಯಿತು. ಬೆಳಗಿನಿಂದ ಸಾಣೆಗೆ ಬಂದಿದ್ದ ಈಳಿಗೆಮಣೆಗಳೆಲ್ಲ ಹಾಗೇ ಉಳಿದಿದ್ದರಿಂದ ಆ ಕುಂಬಳಕಾಯಿಯನ್ನು ಕಲ್ಲಿಗೆ ಅಪ್ಪಳಿಸಿ ಒಡೆಯಬೇಕಾಯಿತು.